ಸರಳ ಕನ್ನಡವಷ್ಟೇ ಸಾಲದು

ಕಚೇರಿ ಪತ್ರವ್ಯವಹಾರದ ತರಬೇತಿಯಲ್ಲಿ ‘ಈ ಪತ್ರವನ್ನು ಓದುವವರು ಯಾರು?’ ಎಂದು ಕೇಳಿದರೆ, ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಸಿಬ್ಬಂದಿ ತಡವರಿಸದೆ ಹೇಳುವುದು ವಿಳಾಸವನ್ನು: ಅರ್ಜಿದಾರರು, ಶಾಖಾ ವ್ಯವಸ್ಥಾಪಕರು, ಆಡಳಿತ ಮಂಡಳಿ. ಓದಿದ ಮೇಲೆ ಅವರು ಏನು ಮಾಡಬೇಕು ಎಂದು ಮರುಪ್ರಶ್ನೆ ಹಾಕಿದರೆ ಕೊಠಡಿ ಮೌನವಾಗುತ್ತದೆ. ಇಷ್ಟು ವರ್ಷಗಳ ನಂತರವೂ ಆ ಮೌನ ನನ್ನನ್ನು ಕಾಡುತ್ತದೆ, ಏಕೆಂದರೆ ಅದರ ಬೆಲೆ ತೆರುವವರು ಕೊಠಡಿಯ ಹೊರಗಿರುತ್ತಾರೆ.

ಕೆಲವು ವರ್ಷಗಳ ಹಿಂದೆ, ದಾವಣಗೆರೆಯ ಒಂದು ಹಣಕಾಸು ಸಂಸ್ಥೆಯ ಸಿಬ್ಬಂದಿಗೆ ಪಾಠ ಹೇಳಿ ಹೊರಬರುತ್ತಿದ್ದಾಗ, ಜಗಳೂರು ಕಡೆಯ ಹಳ್ಳಿಯಿಂದ ಬಂದಿದ್ದ ಒಬ್ಬ ತಾಯಿ ನನ್ನನ್ನೇ ಅಧಿಕಾರಿಯೆಂದು ತಿಳಿದು ಒಂದು ಹಿಂಬರಹವನ್ನು, ಅಂದರೆ ಅರ್ಜಿಗೆ ಕಚೇರಿ ಕೊಟ್ಟ ಲಿಖಿತ ಉತ್ತರವನ್ನು, ಕೈಗಿತ್ತರು. ಎಲೆಅಡಿಕೆ ಚೀಲದಲ್ಲಿ ನಾಲ್ಕು ಮಡಿಕೆಯಾಗಿ ಇಟ್ಟಿದ್ದ ಆ ಕಾಗದದ ಮಡಿಕೆಗಳ ಮೇಲಿದ್ದ ಅಕ್ಷರಗಳು ಸವೆದುಹೋಗಿದ್ದವು. ತೀರಿಹೋದ ಗಂಡನ ಠೇವಣಿಗಾಗಿ ಅವರು ಕೊಟ್ಟಿದ್ದ ಅರ್ಜಿಗೆ ಬಂದ ಉತ್ತರ ಹೀಗಿತ್ತು: ‘ಸದರಿ ಅರ್ಜಿಯು ಅಪೂರ್ಣವಾಗಿರುವುದರಿಂದ ನಿಯಮಾನುಸಾರ ಪರಿಶೀಲಿಸಲು ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’ ಅದನ್ನು ಹಿಡಿದು ಅವರು ಮೂರನೆಯ ಬಾರಿ ಬಸ್ಸು ಹತ್ತಿ ಬಂದಿದ್ದರು. ‘ಏನ್ ತರ್ಬೇಕು ಅಂತ ಇದ್ರಾಗ ಬರ್ದೈತೇನ್ರೀ ಸಾರ್?’ ಎಂದು ಕೇಳಿದರು. ಬರೆದಿರಲಿಲ್ಲ.

ಅವರ ಒಪ್ಪಿಗೆ ಪಡೆದು, ಹೆಸರು ಮುಚ್ಚಿ, ಆ ಹಿಂಬರಹವನ್ನು ಮರುದಿನ ತರಗತಿಯಲ್ಲಿ ತಿದ್ದಲು ಕೊಟ್ಟೆ. ಒಬ್ಬ ಬುದ್ಧಿವಂತ ಯುವಕ ಎರಡೇ ನಿಮಿಷದಲ್ಲಿ ಬರೆದು ತಂದ: ‘ಅಮ್ಮಾ, ನಿಮ್ಮ ಅರ್ಜಿ ಪೂರ್ತಿಯಾಗಿಲ್ಲ. ಹಾಗಾಗಿ ಅದನ್ನು ನೋಡಲು ಆಗುವುದಿಲ್ಲ.’ ತರಗತಿ ಮೆಚ್ಚಿ ತಲೆದೂಗಿತು. ‘ಸದರಿ’ ಹೋಗಿತ್ತು, ‘ತಿಳಿಯಪಡಿಸಲಾಗಿದೆ’ ಹೋಗಿತ್ತು, ಮಾತಿನಲ್ಲಿ ಮರ್ಯಾದೆಯೂ ಬಂದಿತ್ತು. ಆದರೆ ಆ ಕಾಗದ ಹಿಡಿದ ತಾಯಿ ನಾಲ್ಕನೆಯ ಬಾರಿಯೂ ಬರಿಗೈಯಲ್ಲೇ ಮರಳುತ್ತಿದ್ದರು.

ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವುದು ಇದನ್ನೇ. ಓದುಗರನ್ನು ಅರಿಯುವುದೆಂದರೆ ಕಠಿಣ ಪದಗಳನ್ನು ತೆಗೆಯುವುದು, ‘ಮಾನ್ಯರೇ’ ಸೇರಿಸುವುದು, ವಾಕ್ಯಗಳನ್ನು ತುಂಡು ಮಾಡುವುದು ಎಂದು ಬಹುತೇಕರು ನಂಬಿದ್ದಾರೆ. ಅವೆಲ್ಲ ಒಳ್ಳೆಯವೇ, ಆದರೆ ಅವು ಎರಡನೆಯ ಕೆಲಸ. ಮೊದಲನೆಯದು, ಕಾಗದ ಕೆಳಗಿಟ್ಟ ಮರುಕ್ಷಣ ಓದುಗರು ಎಲ್ಲಿಗೆ ಹೋಗಬೇಕು, ಯಾವ ದಾಖಲೆ ಹಿಡಿದು ಹೋಗಬೇಕು, ಯಾವ ದಿನದೊಳಗೆ ಹೋಗಬೇಕು ಎಂಬುದನ್ನು ಬರೆಯುವವರು ತಾವೇ ಯೋಚಿಸಿ ಕಂಡುಕೊಳ್ಳುವುದು. ಆ ವಿವರ ಬರೆಯುವವರ ಬಳಿಯೇ ಇಲ್ಲದಿದ್ದರೆ ಎಷ್ಟು ತಿಳಿಗನ್ನಡದಲ್ಲಿ ಬರೆದರೂ ಪತ್ರ ಖಾಲಿಯೇ. ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 7(8) ಇದನ್ನು ಕಾನೂನಿನ ಮಾತಿನಲ್ಲೇ ಹೇಳುತ್ತದೆ: ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನಷ್ಟೇ ತಿಳಿಸಿದರೆ ಸಾಲದು, ಎಷ್ಟು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ಯಾರಿಗೆ ಸಲ್ಲಿಸಬೇಕು ಎಂಬುದನ್ನೂ ತಿಳಿಸಬೇಕು. ಈ ಕಲಂ ಅನ್ವಯಿಸದ ಕಚೇರಿಗಳಲ್ಲೂ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ.

ಒಂದೇ ಸಂಗತಿ ಬೇರೆಬೇರೆಯವರಿಗೆ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಭದ್ರಾ ನಾಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ‘ಇಂಥ ದಿನಾಂಕದಿಂದ ಜಲಾಶಯದಿಂದ ನೀರು ಹರಿಸಲಾಗುವುದು’ ಎಂಬ ಪ್ರಕಟಣೆ ಇಂಜಿನಿಯರಿಗೆ ಸಾಕು. ಎಷ್ಟು ಕ್ಯೂಸೆಕ್ ಎಂಬುದೊಂದು ಸೇರಿದರೆ ಅವರ ಕೆಲಸ ಸಾಗುತ್ತದೆ. ಆದರೆ ಜಲಾಶಯವಿರುವ ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಅದೇ ದಿನ ಹರಿಹರ ಕಡೆಯ ಕೊನೆ ಭಾಗದ ಗದ್ದೆಗೆ ಬಂದು ನಿಲ್ಲುವುದಿಲ್ಲ. ಭತ್ತದ ಸಸಿಮಡಿ ಯಾವಾಗ ಹಾಕಬೇಕು, ನಾಟಿಯ ಆಳುಗಳಿಗೆ ಯಾವ ವಾರ ಹೇಳಿಟ್ಟಿರಬೇಕು ಎಂದು ಲೆಕ್ಕ ಹಾಕುತ್ತ ಕುಳಿತ ರೈತನಿಗೆ ಬೇಕಾದದ್ದು ತನ್ನ ತೂಬಿಗೆ ನೀರು ಸುಮಾರು ಯಾವ ದಿನ ತಲುಪೀತು, ಎಷ್ಟು ದಿನ ಹರಿದು ಯಾವಾಗ ನಿಂತೀತು ಎಂಬ ಮಾತು. ತಾರೀಖನ್ನು ಖಚಿತವಾಗಿ ಹೇಳಲಾಗದಿದ್ದರೆ ಅಂದಾಜು ಎಂದೇ ಬರೆಯಬಹುದು, ಮತ್ತು ಯಾರನ್ನು ಕೇಳಬೇಕು ಎಂದು ಸೇರಿಸಬಹುದು.

ಕಚೇರಿಯೊಳಗಿನ ಬರವಣಿಗೆಯಲ್ಲೂ ಇದೇ ಕಥೆ. ಬಡ್ಡಿ ದರ ಬದಲಾದರೆ ಸದಸ್ಯರಿಗೆ ತಮ್ಮ ಹಣದ ಮೇಲಾಗುವ ಪರಿಣಾಮ ಬೇಕು, ಶಾಖೆಗೆ ಯಾವ ದಿನಾಂಕದಿಂದ ಯಾವ ಖಾತೆಗಳಿಗೆ ಎಂಬುದು ಬೇಕು, ಆಡಳಿತ ಮಂಡಳಿಗೆ ಒಟ್ಟು ಹೊರೆ ಬೇಕು. ಒಂದೇ ಸುತ್ತೋಲೆಯನ್ನು ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಮೂವರಿಗೂ ಕಳಿಸುವುದು ಮೂವರನ್ನೂ ಹುಡುಕಾಟಕ್ಕೆ ಹಚ್ಚಿದಂತೆ.

ಒಂದು ಎಚ್ಚರಿಕೆ ಅಗತ್ಯ. ಕಾನೂನಿನ ನೋಟಿಸು, ವಸೂಲಿ ಪತ್ರ, ಶಿಸ್ತು ಕ್ರಮದ ಆದೇಶಗಳಲ್ಲಿ ಕೆಲವು ಪದಗಳೂ ಕಲಂ ಸಂಖ್ಯೆಗಳೂ ಇರಲೇಬೇಕಾಗಬಹುದು. ಅವನ್ನು ಕಾನೂನು ಬಲ್ಲವರನ್ನು ಕೇಳದೆ ಬದಲಿಸಬಾರದು. ಅಂಥ ಪತ್ರಗಳ ಜೊತೆಗೂ ‘ನೀವು ಮಾಡಬೇಕಾದದ್ದು’ ಎಂಬ ಎರಡು ಸಾಲು ಸೇರಿಸಲು ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ, ಆದರೂ ಮೇಲಿನವರಿಗೆ ತೋರಿಸಿಯೇ ಸೇರಿಸುವುದು ಒಳ್ಳೆಯದು.

ಓದುಗರ ಅಗತ್ಯ ತಿಳಿಯದಿದ್ದಾಗ ಕೌಂಟರಿನಲ್ಲಿ ಕೂರುವವರನ್ನೋ ಬಾಗಿಲಲ್ಲಿ ನಿಲ್ಲುವ ಜವಾನರನ್ನೋ ಕೇಳಿ ಎಂಬುದು ನನ್ನ ಸಲಹೆ. ಜನ ದಿನವಿಡೀ ಏನು ಕೇಳುತ್ತಾರೆಂಬುದು ಅವರಿಗೆ ಬಾಯಿಪಾಠ. ಅಂದು ಆ ಯುವಕನನ್ನೂ ಕೌಂಟರಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಬಂದವನ ಕೈಯಲ್ಲಿ ಹೊಸ ಹಿಂಬರಹವಿತ್ತು. ಠೇವಣಿಗೆ ನಾಮಿನಿ ಇಲ್ಲದಿರುವುದರಿಂದ ನಾಡಕಚೇರಿಯ ವಂಶವೃಕ್ಷ, ಮರಣ ಪ್ರಮಾಣಪತ್ರದ ಮೂಲಪ್ರತಿ, ಇಬ್ಬರು ಮಕ್ಕಳು ಸಹಿ ಮಾಡಿದ ಒಪ್ಪಿಗೆ ಪತ್ರ ತರಬೇಕು ಎಂದು ಒಂದರ ಕೆಳಗೊಂದು ಬರೆದಿದ್ದ. ಕೊನೆಗೆ ನಾನು ಹೇಳಿಕೊಡದ ಒಂದು ಸಾಲಿತ್ತು: ‘ಮಧ್ಯಾಹ್ನ 2 ಗಂಟೆಯೊಳಗೆ ಬಂದರೆ ಅದೇ ದಿನ ದಾಖಲೆ ಪರಿಶೀಲಿಸಿ ಕಳಿಸುತ್ತೇವೆ.’ ಇದು ಏಕೆಂದು ಕೇಳಿದೆ. ‘ಅವರ ಊರಿಗೆ ಕಡೇ ಬಸ್ಸು ಸಂಜೆ ಬೇಗ ಹೋಗುತ್ತದಂತೆ ಸಾರ್, ಜವಾನರು ಹೇಳಿದರು’ ಎಂದ.