ಗಾಲಿ ಮೇಲಿನ ಮನೆಗೂ ಒಂದು ವಿಳಾಸ ಬೇಕು

"ಸಾರ್, ನಮಗೀಗ ಮನೆಯೇ ಇಲ್ಲವಲ್ಲ, ಯಾವ ವಿಳಾಸ ಅಂತ ಕೊಡೋದು?" ಬಾಡಿಗೆ ಮನೆ ಖಾಲಿ ಮಾಡಿ, ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ವ್ಯಾನ್ ಮಾಡಿಸಿಕೊಂಡು, ಊರೂರು ಸುತ್ತುತ್ತ ಆನ್‌ಲೈನಿನಲ್ಲಿ ದುಡಿಯುವವರು ನನ್ನನ್ನು ಈ ಪ್ರಶ್ನೆ ಕೇಳುವಾಗ ಅವರ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇರುತ್ತದೆ. ಬಸವನಗುಡಿಯ ಕಚೇರಿಯಲ್ಲಿ ಫೈಲುಗಳ ನಡುವೆ ಕುಳಿತ ಆಡಿಟರಿಗೆ ಆ ಹೆಮ್ಮೆಯ ಮೇಲೆ ಕೊಂಚ ಹೊಟ್ಟೆಕಿಚ್ಚೂ ಇರಬಹುದು, ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತಿದ್ದೇನೆ. ಮನೆ ಬಿಟ್ಟವರು ವಿಳಾಸವನ್ನೂ ಬಿಟ್ಟೆವೆಂದು ತಿಳಿಯುತ್ತಾರೆ. ಈ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳುವುದರಲ್ಲಿ ನನ್ನ ಎಷ್ಟೋ ಸಂಜೆಗಳು ಕಳೆದುಹೋಗಿವೆ.

ಆದಾಯ ತೆರಿಗೆಯ ಮಟ್ಟಿಗೆ ವಿಷಯ ಸರಳ. ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಭಾರತದಲ್ಲಿದ್ದವರು ಇಲ್ಲಿನ ನಿವಾಸಿಗಳು. ಆ ದಿನಗಳನ್ನು ಜಯನಗರದಲ್ಲಿ ಕಳೆದರೋ, ಕಛ್‌ನ ರಣದಲ್ಲಿ ವ್ಯಾನ್ ನಿಲ್ಲಿಸಿಕೊಂಡು ಕಳೆದರೋ ಎಂಬುದರಿಂದ ಲೆಕ್ಕ ಬದಲಾಗುವುದಿಲ್ಲ. ಹಣ ಅಮೆರಿಕದಿಂದ ಡಾಲರಿನಲ್ಲಿ ಬಂದರೂ ಅದು ಇಲ್ಲಿ ತೆರಿಗೆಗೆ ಒಳಪಡುವ ಆದಾಯವೇ. ಇಷ್ಟನ್ನು ಬಹುತೇಕರು ಒಂದು ಸಲಕ್ಕೆ ಒಪ್ಪಿಕೊಳ್ಳುತ್ತಾರೆ.

ತೊಡಕು ಶುರುವಾಗುವುದು ಜಿಎಸ್‌ಟಿಯಲ್ಲಿ. ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು, ಮತ್ತು ವಿದೇಶಿ ಗ್ರಾಹಕರಿಂದ ಬಂದ ಹಣವೂ ಆ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ರಫ್ತಾದ ಸೇವೆಯ ಮೇಲೆ ತೆರಿಗೆ ಕಟ್ಟದೆ ಬಿಲ್ ಮಾಡಲು ಪ್ರತಿ ಹಣಕಾಸು ವರ್ಷವೂ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಬೇಕು, ಅದಕ್ಕೂ ನೋಂದಣಿಯೇ ಆಧಾರ. ನೋಂದಣಿಗೆ ಒಂದು ಪ್ರಧಾನ ವ್ಯವಹಾರ ಸ್ಥಳ ಬೇಕು. ಇಲ್ಲಿಗೆ ಬಂದಾಗ ವ್ಯಾನಿನವರ ಮುಖ ಬಾಡುತ್ತದೆ.

ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವ್ಯವಹಾರ ಸ್ಥಳವೆಂದರೆ ವಹಿವಾಟು ಸಾಮಾನ್ಯವಾಗಿ ನಡೆಯುವ ಜಾಗ. ಅಷ್ಟೇ ಆಗಿದ್ದರೆ ನಿಮ್ಮ ಸಂಕಟ ನಿಜವೇ ಆಗುತ್ತಿತ್ತು, ಏಕೆಂದರೆ ನಿಮ್ಮ ವಹಿವಾಟು ಇಂದು ಹಂಪಿಯಲ್ಲಿ, ನಾಳೆ ಗೋಕರ್ಣದಲ್ಲಿ. ಆದರೆ ಅದೇ ವ್ಯಾಖ್ಯಾನ ಮುಂದುವರಿದು, ತೆರಿಗೆದಾರನು ತನ್ನ ಲೆಕ್ಕಪತ್ರಗಳನ್ನು ಇಟ್ಟುಕೊಂಡಿರುವ ಸ್ಥಳವನ್ನೂ ವ್ಯವಹಾರ ಸ್ಥಳವೆನ್ನುತ್ತದೆ. ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು, ಒಪ್ಪಂದದ ಪ್ರತಿಗಳು ಒಂದು ಮನೆಯ ಬೀರುವಿನಲ್ಲಿ ನಿಜವಾಗಿಯೂ ಇದ್ದು, ಅಧಿಕಾರಿ ಬಾಗಿಲು ತಟ್ಟಿದರೆ ತೆರೆದು ಉತ್ತರ ಹೇಳುವವರೊಬ್ಬರು ಅಲ್ಲಿದ್ದರೆ, ನೀವು ಲ್ಯಾಪ್‌ಟಾಪ್ ಬಿಚ್ಚಿ ಕೂರುವುದು ಯಾವ ಗುಡ್ಡದ ಮೇಲೆ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. "ಸಾಮಾನ್ಯವಾಗಿ" ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಪ್ರತಿ ಪ್ರಕರಣದ ಕಾಗದಪತ್ರ ನೋಡದೆ ನಾನು ಯಾರಿಗೂ ಖಾತ್ರಿ ಕೊಡುವುದಿಲ್ಲ.

ಬಿಟ್ಟ ಮನೆಯ ವಿಳಾಸವನ್ನೇ ನೋಂದಣಿಯಲ್ಲಿ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬನಶಂಕರಿಯಲ್ಲಿ ಬಾಡಿಗೆಗಿದ್ದ ಒಬ್ಬ ಹುಡುಗನ ಕಥೆ ಸಾಕು. 2024ರ ಮೇ ತಿಂಗಳಲ್ಲಿ ಗಂಡ ಹೆಂಡತಿ ಮನೆ ಖಾಲಿ ಮಾಡಿ ಉತ್ತರಕ್ಕೆ ಹೊರಟರು. ಸ್ಥಳ ಬದಲಾದ 15 ದಿನದೊಳಗೆ ತಿದ್ದುಪಡಿ ಅರ್ಜಿ ಹಾಕಬೇಕೆಂದು ನಾನು ಹೇಳಿದ್ದೆ, "ವಾಪಸ್ ಬಂದ ಮೇಲೆ ಮಾಡೋಣ ಸಾರ್" ಎಂದಿದ್ದರು. ಆ ವರ್ಷ ಆಗಸ್ಟ್ 16ರಿಂದ ಅಕ್ಟೋಬರ್ 15ರವರೆಗೆ ನಕಲಿ ನೋಂದಣಿಗಳನ್ನು ಪತ್ತೆ ಹಚ್ಚಲು ದೇಶದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಯಿತು. 2023ರಲ್ಲಿಯೂ ಮೇ 16ರಿಂದ ಜುಲೈ 15ರವರೆಗೆ ಇಂಥದ್ದೇ ನಡೆದಿತ್ತು. ಅಧಿಕಾರಿ ಬನಶಂಕರಿಯ ಮನೆಗೆ ಹೋದರು. ಹೊಸ ಬಾಡಿಗೆದಾರರು ಇದ್ದುದನ್ನು ಇದ್ದ ಹಾಗೆ ಹೇಳಿದರು: "ಅವರು ಖಾಲಿ ಮಾಡಿ ನಾಲ್ಕು ತಿಂಗಳಾಯ್ತು, ಎಲ್ಲಿದ್ದಾರೋ ಗೊತ್ತಿಲ್ಲ." ನಕಲಿ ನೋಂದಣಿ ಹುಡುಕಲು ಬಂದವರಿಗೆ ಇದಕ್ಕಿಂತ ಅನುಮಾನಾಸ್ಪದವಾದ ಉತ್ತರ ಬೇರೆ ಇರಲಾರದು. ಅಧಿಕಾರಿ ಮಾಡಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ನೋಂದಣಿ ಏಕೆ ರದ್ದು ಮಾಡಬಾರದೆಂಬ ನೋಟಿಸು ಆರ್‌ಇಜಿ-17 ನಮೂನೆಯಲ್ಲಿ ಹೊರಟಿತು, ನೋಂದಣಿ ಅಮಾನತಾಯಿತು. ಉತ್ತರ ಕೊಡಲು ಇರುವುದು ಏಳು ಕೆಲಸದ ದಿನ. ಆ ಹೊತ್ತಿಗೆ ನಮ್ಮ ಹುಡುಗ ಲಡಾಖ್‌ನಲ್ಲಿದ್ದ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್ ಮತ್ತು ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡುತ್ತದೆ. ನೋಂದಣಿಗೆ ಕೊಟ್ಟಿದ್ದ ಅವನ ನಂಬರು ಪ್ರಿಪೇಯ್ಡ್. ಹೆಂಡತಿಯದು ಪೋಸ್ಟ್‌ಪೇಯ್ಡ್ ಆದ್ದರಿಂದ ಅವಳ ಹಾಟ್‌ಸ್ಪಾಟ್‌ನಲ್ಲಿ ಮೀಟಿಂಗು, ಕೋಡಿಂಗು ಎಲ್ಲವೂ ಸಾಂಗವಾಗಿ ನಡೆಯುತ್ತಿತ್ತು, ಏನೋ ಕೆಟ್ಟಿದೆಯೆಂಬ ಸುಳಿವೇ ಸಿಗಲಿಲ್ಲ. ಇಮೇಲ್ ಐಡಿಯೋ, ಎಂದೋ ತೆರೆದು ಮರೆತ ಹಳೆಯ ಖಾತೆ. ಕೊನೆಗೆ ವಿಷಯ ತಿಳಿದದ್ದು ಅವನಿಗೆ ಕೆಲಸ ಕೊಡುತ್ತಿದ್ದ ಬೆಂಗಳೂರಿನ ಸಣ್ಣ ಸಂಸ್ಥೆಯೊಂದರ ಅಕೌಂಟೆಂಟ್ ಮೂಲಕ. "ಪೋರ್ಟಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರು ಸಸ್ಪೆಂಡ್ ಅಂತ ಬರ್ತಿದೆ, ಪೇಮೆಂಟ್ ನಿಲ್ಲಿಸಿದ್ದೇವೆ" ಎಂದು ಆಕೆ ಕಳಿಸಿದ್ದ ಸಂದೇಶವನ್ನು ಅವನು ನನಗೆ ದಾಟಿಸುವ ಹೊತ್ತಿಗೆ ರದ್ದತಿ ಆದೇಶವೇ ಬಂದಾಗಿತ್ತು.

ರದ್ದತಿಯನ್ನು ಹಿಂಪಡೆಯಲು ಆದೇಶ ತಲುಪಿದ 90 ದಿನದೊಳಗೆ ಅರ್ಜಿ ಹಾಕಲು ಅವಕಾಶವಿದೆ. ಬಾಕಿ ಉಳಿದ ರಿಟರ್ನುಗಳನ್ನು ಮೊದಲು ಸಲ್ಲಿಸಬೇಕು, ವಿಳಂಬ ಶುಲ್ಕ ಕಟ್ಟಬೇಕು, ಖಾಲಿ ಮಾಡಿದ್ದು ನಿಜ, ವಹಿವಾಟು ನಿಜ ಎಂದು ಎರಡನ್ನೂ ಒಟ್ಟಿಗೆ ಸಾಬೀತು ಮಾಡಬೇಕು. ಎಲ್ಲವೂ ಸರಿಹೋಯಿತು, ಆದರೆ ಎರಡೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಅವನು ಹೊಸ ಬಿಲ್ ಎತ್ತುವಂತಿರಲಿಲ್ಲ. ತಿದ್ದುಪಡಿ ಅರ್ಜಿ ತುಂಬಲು ಬೇಕಾಗಿದ್ದುದು ಅರ್ಧ ಗಂಟೆ.

ಇದಕ್ಕೆ ತದ್ವಿರುದ್ಧವಾದ ಭಯವೂ ಕೆಲವರಿಗಿದೆ. "ಈ ತಿಂಗಳು ಗೋವಾದಲ್ಲಿದ್ದೇವೆ, ಮುಂದಿನ ತಿಂಗಳು ಕೇರಳ, ಎಲ್ಲ ಕಡೆಯೂ ರಿಜಿಸ್ಟ್ರೇಷನ್ ಮಾಡಿಸಬೇಕಾ?" ಎಂದು ಒಬ್ಬಾಕೆ ಗಾಬರಿಯಿಂದ ಕೇಳಿದ್ದರು. ಬೇಡ. ನೋಂದಾಯಿತ ಸ್ಥಳದಿಂದ ಸೇವೆ ನೀಡುವವರ ನೆಲೆ ಆ ಸ್ಥಳವೇ, ವ್ಯಾನು ಆ ದಿನ ನಿಂತ ಬೀಚಲ್ಲ. ವ್ಯಾನಿನಲ್ಲಿ ಸರಕು ಹೇರಿಕೊಂಡು ಊರೂರಲ್ಲಿ ಮಾರುವವರ ನಿಯಮ ಬೇರೆ, ಅವರು ಈ ಮಾತನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಮತ್ತೊಂದು ಎಚ್ಚರಿಕೆ: ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಗುರುತು, ಕರ್ನಾಟಕದ್ದು 29. ಮಾವನ ಮನೆ ಹೊಸೂರಿನಲ್ಲಿದೆ, ಅಲ್ಲಿಗೇ ವಿಳಾಸ ಬದಲಾಯಿಸಿ ಎಂದರೆ ತಿದ್ದುಪಡಿಯಲ್ಲಿ ಆಗುವ ಕೆಲಸವಲ್ಲ. ತಮಿಳುನಾಡಿನಲ್ಲಿ 33ರಿಂದ ಶುರುವಾಗುವ ಹೊಸ ನೋಂದಣಿ ಪಡೆದು, ಇಲ್ಲಿನದನ್ನು ರದ್ದು ಮಾಡಿಸಬೇಕಾಗುತ್ತದೆ. ಗಡಿಯ ಈಚೆಗಿರುವ ಅತ್ತಿಬೆಲೆಯಲ್ಲಿ ಯಾರಾದರೂ ನೆಂಟರಿದ್ದಾರೆಯೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಹಾಗಾದರೆ ಯಾರ ವಿಳಾಸ? ತಂದೆತಾಯಿಯ ಮನೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅವರ ಒಪ್ಪಿಗೆ ಪತ್ರ, ಇತ್ತೀಚಿನ ಬೆಸ್ಕಾಂ ಬಿಲ್ಲು ಅಥವಾ ಆಸ್ತಿ ತೆರಿಗೆ ರಸೀದಿ ಬೇಕು. ಹಳೆಯ ಓನರಿಗೆ ಹೇಳಿ ಅದೇ ವಿಳಾಸ ಇಟ್ಟುಕೊಳ್ಳುತ್ತೇನೆ ಎನ್ನುವವರಿಗೆ ನಾನು ಬೇಡವೆನ್ನುತ್ತೇನೆ, ಓನರ್ ಎಷ್ಟೇ ಒಳ್ಳೆಯವರಾದರೂ ನಿಮ್ಮ ಲೆಕ್ಕಪತ್ರ ಅಲ್ಲಿಲ್ಲ. ತಿಂಗಳಿಗಿಷ್ಟೆಂದು ಹಣ ಪಡೆದು ವಿಳಾಸ ಮಾತ್ರ ಕೊಡುವ ವರ್ಚುವಲ್ ಆಫೀಸುಗಳಲ್ಲಿ ಸರಿಯಾದವೂ ಇವೆ. ಆದರೆ ಒಂದೇ ಕೋಣೆಯ ಗೋಡೆಗೆ ಹತ್ತಾರು ಹೆಸರು ಅಂಟಿಸಿರುವ ಕಡೆ ಅಧಿಕಾರಿ ಬಂದರೆ ಅಲ್ಲಿನ ಸಿಬ್ಬಂದಿ ನಿಮ್ಮ ಹೆಸರನ್ನಾದರೂ ಕೇಳಿದ್ದಾರೆಯೇ ಎಂದು ಹೋಗಿ ನೋಡಿಯೇ ಸಹಿ ಹಾಕಿ.

ತ್ಯಾಗರಾಜನಗರದ ಒಬ್ಬ ತಾಯಿ ನನ್ನ ಪ್ರಕಾರ ಈ ವ್ಯವಸ್ಥೆಗೆ ಮಾದರಿ. ಮಗಳು ವ್ಯಾನಿನಲ್ಲಿ ತಿರುಗುತ್ತ ಬೇರೆಬೇರೆ ಸಂಸ್ಥೆಗಳಿಗೆ ಡಿಸೈನ್ ಮಾಡಿಕೊಡುತ್ತಾಳೆ. ನೋಂದಾಯಿತ ಸ್ಥಳದ ಬಾಗಿಲಲ್ಲಿ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯ ಫಲಕ ಇರಬೇಕೆಂದು ನಿಯಮವಿದೆ. ಈ ತಾಯಿ ಅದನ್ನು ಲ್ಯಾಮಿನೇಟ್ ಮಾಡಿಸಿ ಗ್ರಿಲ್‌ಗೆ, ಹಾಲಿನ ಚೀಲ ನೇತುಹಾಕುವ ಕೊಕ್ಕೆಯ ಪಕ್ಕದಲ್ಲಿ, ತಂತಿ ಬಿಗಿದು ಕಟ್ಟಿದ್ದಾರೆ. ಪರಿಶೀಲನೆಗೆ ಬಂದ ಅಧಿಕಾರಿಗೆ ಕಾಫಿ ಕೊಟ್ಟು, ಫೈಲು ಮುಂದಿಟ್ಟು, ಮಗಳಿಗೆ ವಿಡಿಯೋ ಕಾಲ್ ಮಾಡಿಸಿದರಂತೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಮನೆಗೆ ಬರುವ ಪ್ರತಿ ಲಕೋಟೆಯ ಫೋಟೊ ತೆಗೆದು ಮಗಳಿಗೂ ನನಗೂ ವಾಟ್ಸ್ಆ್ಯಪ್ ಮಾಡುತ್ತಾರೆ. ಅದರಲ್ಲಿ ಎಲ್ಐಸಿ ಪತ್ರವೂ ಇರುತ್ತದೆ, ಮದುವೆಯ ಕರೆಯೋಲೆಯೂ ಇರುತ್ತದೆ. ನಾನು ಬೇಡವೆಂದು ಹೇಳಿಲ್ಲ.

ಆದಾಯ ತೆರಿಗೆ ಪೋರ್ಟಲಿನಲ್ಲಿರುವ ಇಮೇಲನ್ನೂ ಇದೇ ಕಣ್ಣಿನಿಂದ ನೋಡಬೇಕು. ಕೆಲಸ ಬಿಟ್ಟು ವ್ಯಾನ್ ಹತ್ತಿದವರಲ್ಲಿ ಹಲವರು ಅಲ್ಲಿ ಹಳೆಯ ಕಂಪನಿಯ ಐಡಿಯನ್ನೇ ಉಳಿಸಿರುತ್ತಾರೆ. ನೋಟಿಸು ಆ ಐಡಿಗೆ ಹೋಗುತ್ತದೆ, ಇವರಿಗೆ ಅದನ್ನು ತೆರೆಯುವ ದಾರಿಯಿಲ್ಲ. ನೋಟಿಸು ಪೋರ್ಟಲಿನ ಖಾತೆಯಲ್ಲಿ ಬಿದ್ದ ಮೇಲೆ ನೋಡಲಿಲ್ಲ ಎನ್ನುವ ಸಬೂಬು ಹೆಚ್ಚು ದೂರ ಸಾಗುವುದಿಲ್ಲ.

ವ್ಯಾನಿನ ಆರ್‌ಸಿಯಲ್ಲಿಯೂ ವಿಳಾಸವಿದೆ ಎಂಬುದನ್ನು ಮರೆತವರೇ ಹೆಚ್ಚು. ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕು, ಬೇರೆ ರಾಜ್ಯವೊಂದರಲ್ಲಿ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿ ಮರುನೋಂದಣಿ ಬೇಕು. ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ನಂಬರ್ ಪ್ಲೇಟ್ ಹಾಕಿಸಬಹುದಲ್ಲವೇ ಎಂದು ತಿಂಗಳಿಗೊಬ್ಬರಾದರೂ ಕೇಳುತ್ತಾರೆ. 2021ರಲ್ಲಿ ಬಂದ ಆ ಸೌಲಭ್ಯ ರಕ್ಷಣಾ ಸಿಬ್ಬಂದಿಗೆ, ಸರ್ಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ ಮೀಸಲು. ಸ್ವಂತವಾಗಿ ದುಡಿಯುವವರು ಹದಿನಾಲ್ಕು ರಾಜ್ಯ ಸುತ್ತಿದರೂ ಆ ಸಾಲಿಗೆ ಸೇರುವುದಿಲ್ಲ.

ಬನಶಂಕರಿಯ ಹುಡುಗನ ನೋಂದಣಿ ಈಗ ಮಾಗಡಿ ರಸ್ತೆಯಲ್ಲಿರುವ ಅವನ ಅಕ್ಕನ ಮನೆಯ ವಿಳಾಸದಲ್ಲಿದೆ. ಸಿಮ್ ಪೋಸ್ಟ್‌ಪೇಯ್ಡ್ ಆಗಿದೆ. ಫಲಕ ಕಟ್ಟಿದ್ದಾನೆಯೇ ಎಂದು ಹೋದ ವಾರ ಕೇಳಿದೆ. "ವಾಪಸ್ ಬಂದ ಮೇಲೆ ಕಟ್ತೀನಿ ಸಾರ್" ಎಂದ. ಆ ಅಕ್ಕನ ನಂಬರನ್ನು ನಾನೇ ಕೇಳಿ ಪಡೆದುಕೊಂಡಿದ್ದೇನೆ.