ಮೊದಲು ಕಕ್ಕಡ, ಆಮೇಲೆ ಅಲಂಕಾರ

ಕೊಡಗಿನಲ್ಲಿ ಮನೆಯ ಒಳಾಂಗಣ ಹೊಸದಾಗಿ ಮಾಡಿಸುವವರು ಹೆಚ್ಚಾಗಿ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಕೆಲಸ ಹಿಡಿಯುತ್ತಾರೆ. ಕೈಯಲ್ಲಿ ದುಡ್ಡಿರುತ್ತದೆ, ಬಿಸಿಲು ಚೆನ್ನಾಗಿರುತ್ತದೆ, ಬಡಗಿಗಳೂ ಸಿಗುತ್ತಾರೆ. ಆ ಬಿಸಿಲಲ್ಲಿ ನಿಂತು ಆರಿಸಿದ ಬಣ್ಣ, ಪರದೆ, ಬೀರು ಎಲ್ಲವೂ ಸೊಗಸಾಗಿಯೇ ಕಾಣುತ್ತವೆ. ಅವಕ್ಕೆ ನಿಜವಾದ ಪರೀಕ್ಷೆ ಬರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡದಲ್ಲಿ, ಅಂದರೆ ಕೊಡವರ ಜಡಿಮಳೆಯ ತಿಂಗಳಲ್ಲಿ. ಬೀರುವಿನ ಬೆನ್ನಿಗೆ ಬೂಷ್ಟು ಹತ್ತುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಮಾರ್ಚ್‌ನಲ್ಲಿ ಹಾಲಿನಂತಿದ್ದ ಗೋಡೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಕ್ಕಡ ತಡೆಯುವ ಕೋಣೆಯನ್ನು ಮೊದಲು ಮಾಡಿಕೊಂಡರೆ ಉಳಿದ ಋತುಗಳಿಗೆ ಪರದೆ, ಹೊದಿಕೆ, ದೀಪದ ಜಾಗ ಬದಲಾಯಿಸಿದರೆ ಸಾಕು. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಸೋಮವಾರಪೇಟೆಯ ಮಲೆಭಾಗಕ್ಕೆ ಆ ಸಡಿಲ ನಡೆಯುವುದಿಲ್ಲ.

ಗೋಡೆಯಿಂದಲೇ ಶುರು ಮಾಡೋಣ. ಇಳಿಜಾರು ಕಡಿದು ಕಟ್ಟಿದ ಮನೆಗಳಲ್ಲಿ ಬರೆಯ (ಕಡಿದು ನಿಂತ ಮಣ್ಣಿನ) ಕಡೆಯ ಗೋಡೆ ಸದಾ ತಂಪು. ಬರೆಗೂ ಗೋಡೆಗೂ ನಡುವೆ ಕನಿಷ್ಠ ಮೂರು ಅಡಿ ಜಾಗ, ಅದರಲ್ಲಿ ನೀರು ಹರಿದುಹೋಗುವ ಚರಂಡಿ ಇಲ್ಲದಿದ್ದರೆ ಒಳಗೆ ಯಾವ ಬಣ್ಣ ಬಳಿದರೂ ಎರಡನೇ ಮಳೆಗಾಲಕ್ಕೆ ಏಳುತ್ತದೆ. ಆದ್ದರಿಂದ ಬಣ್ಣದ ಅಂಗಡಿಗೆ ಹೋಗುವ ಮೊದಲು ಗೋಡೆಯನ್ನು ಕೇಳಬೇಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಚಪ್ಪಟೆಯಾಗಿ ಹಿಡಿದು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ: ಹೊರಗಿನ ಚರಂಡಿ, ಸೂರು, ಕೊಳವೆ ಸರಿಪಡಿಸದೆ ಒಳಗೆ ಕೈ ಹಾಕಬೇಡಿ. ಹನಿ ಕೋಣೆಯ ಕಡೆಯ ಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ ತಣ್ಣನೆ ಗೋಡೆಗೆ ತಗುಲಿ ನೀರಾಗಿರುವುದು. ಅದಕ್ಕೆ ಗಾಳಿ, ಶಾಖವೇ ಮದ್ದು. ಈ ಎರಡನ್ನು ಬೇರೆ ಮಾಡಿ ನೋಡದೆ ವಾಟರ್‌ಪ್ರೂಫ್ ಬಣ್ಣಕ್ಕೆ ಸುರಿಯುವ ಹಣ ಪೂರಾ ದಂಡ.

ಹಳೆಯ ಐನ್‌ಮನೆಗಳ (ಕೊಡವ ಕುಟುಂಬದ ಮೂಲಮನೆಗಳ) ಮಣ್ಣಿನ, ಕೆಂಪುಕಲ್ಲಿನ ಗೋಡೆಗೆ ಪ್ಲಾಸ್ಟಿಕ್ ಎಮಲ್ಶನ್ ಬಳಿಯುವುದಂತೂ ದೊಡ್ಡ ತಪ್ಪು. ಆ ಗೋಡೆ ಮಳೆಯಲ್ಲಿ ತೇವ ಕುಡಿದು ಬಿಸಿಲಲ್ಲಿ ಬಿಡುತ್ತದೆ. ಎಮಲ್ಶನ್ ಪದರ ಅದನ್ನು ಒಳಗೇ ಕಟ್ಟಿಹಾಕುತ್ತದೆ, ಗುಳ್ಳೆ ಎದ್ದು ಗಾರೆಯ ಸಮೇತ ಉದುರುತ್ತದೆ. ಅಲ್ಲಿಗೆ ಸುಣ್ಣವೇ ಸರಿ. ಚೆನ್ನಾಗಿ ಅರಳಿಸಿ ಕನಿಷ್ಠ ಒಂದು ವಾರ ನೀರಿನಡಿ ಇಟ್ಟ ಸುಣ್ಣದ ಮುದ್ದೆ ಒಂದು ಪಾಲು, ನೀರು ಮೂರು ಪಾಲು. ಬಟ್ಟೆಯಲ್ಲಿ ಸೋಸಿದಾಗ ಹಾಲಿನಷ್ಟು ತೆಳುವಾಗಿರಬೇಕು. ಗೋಡೆಗೆ ನೀರು ಚಿಮುಕಿಸಿ, ಒದ್ದೆಯಿರುವಾಗಲೇ ಬಳಿಯಿರಿ. ದಿನಕ್ಕೊಂದು ಕೈಯಂತೆ ಮೂರರಿಂದ ನಾಲ್ಕು ಕೈ. ಬಳಿದಾಗ ಏನೂ ಕಾಣುವುದಿಲ್ಲ, ಒಣಗಿದಂತೆ ಬಿಳುಪು ಏರುತ್ತದೆ. ಅದು ಗೊತ್ತಿಲ್ಲದೆ ಒಂದೇ ದಿನ ದಪ್ಪಗೆ ಬಳಿದರೆ ಬಿರುಕು ಬಿಟ್ಟು ಬಟ್ಟೆಗೆಲ್ಲ ಪುಡಿ ಮೆತ್ತುತ್ತದೆ. ಹಳೆಯ ಎಮಲ್ಶನ್ ಇದ್ದರೆ ಪೂರ್ತಿ ಕೆರೆದು ತೆಗೆಯಲೇಬೇಕು, ಅದರ ಮೇಲೆ ಸುಣ್ಣ ನಿಲ್ಲದು. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಬಣ್ಣದ ಮಾತು ಬಂದಿದ್ದಕ್ಕೆ ಇನ್ನೊಂದು. ಕಿಟಕಿಯಾಚೆ ಪೂರ್ತಿ ಹಸಿರು ತುಂಬಿರುವ ಊರಿನಲ್ಲಿ ಒಳಗೋಡೆಗೂ ಹಸಿರು ಬೇಡ. ಮಳೆಯ ಮಂಕು ಬೆಳಕು ಎಲೆಗಳಿಂದ ಹಾದು ಬಂದು ಹಸಿರು ಗೋಡೆಗೆ ಬಡಿದರೆ ಕುಳಿತವರ ಮುಖ ಕಳೆಗುಂದುತ್ತದೆ. ಅಪ್ಪಟ ಬಿಳಿಯೂ ಆಗ ನೀಲಿಗಟ್ಟುತ್ತದೆ. ಬೆಣ್ಣೆಯ ಬಿಳಿ, ಹಸಿ ಗೋಧಿಹಿಟ್ಟಿನ ಬಣ್ಣ, ಒಂದು ಕಡೆ ಇಟ್ಟಿಗೆ ಕೆಂಪು ಇವು ಇಲ್ಲಿ ಬಾಳುತ್ತವೆ. ಎರಡಡಿ ಚೌಕದ ಹಲಗೆಗೆ ಎರಡು ಕೈ ಬಳಿದು, ಮಳೆಯ ದಿನ ಸಂಜೆ ನಾಲ್ಕಕ್ಕೆ ಕಿಟಕಿಯಿಂದ ದೂರದ ಮೂಲೆಯಲ್ಲಿಟ್ಟು ನೋಡಿ. ಆರಿಸುವುದು ಮಳೆಯಲ್ಲಿ, ಬಳಿಯುವುದು ಬೇಸಿಗೆಯಲ್ಲಿ.

ಈಗ ಬೀರು. ಕೊಡಗಿನ ಮನೆಗಳಲ್ಲಿ ಅತಿ ಹೆಚ್ಚು ಹಾಳಾಗುವುದು ಇದೇ, ಕಾರಣವೂ ಸರಳ. ಹೊರಗೋಡೆಗೆ ಅಂಟಿಸಿ, ನೆಲದಿಂದ ಸೂರಿನವರೆಗೆ ಒಂದೂ ಸಂದು ಬಿಡದೆ ಕಟ್ಟಿದ ವಾರ್ಡ್‌ರೋಬ್ ಪಟ್ಟಣದ ಫೋಟೋಗಳಲ್ಲಿ ಚೆಂದ. ಇಲ್ಲಿ ಅದರ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿಬಿದ್ದ ಗಾಳಿ ತಣ್ಣಗಾಗಿ ನೀರು ಕಟ್ಟುತ್ತದೆ. ಮೊದಲು ಕೆಳಮೂಲೆಯಲ್ಲಿ ಬೂದು ಬಣ್ಣದ ಚುಕ್ಕಿಗಳು, ಆಮೇಲೆ ರೇಷ್ಮೆ ಸೀರೆಯ ಮಡಿಕೆಯಲ್ಲಿ ಹಳದಿ ಗೆರೆ, ಕಪ್ಪು ಕುಪ್ಪಸದ ಕಾಲರಿನಲ್ಲಿ ಬಿಳಿ ಪುಡಿ. ಬೀರುವನ್ನು ಆದಷ್ಟು ಒಳಗೋಡೆಗೆ ಇಡಿ. ಹೊರಗೋಡೆಯೇ ಗತಿಯೆಂದರೆ ಬೆನ್ನಿಗೆ ಎರಡು ಇಂಚು, ಮೇಲೆ ಆರು ಇಂಚು ಬಿಡಿ, ಕೆಳಗೆ ನಾಲ್ಕಿಂಚಿನ ಕಾಲು ಕೊಡಿಸಿ. ಬಾಗಿಲಿಗೆ ಲೂವರ್ ಪಟ್ಟಿ (ಸಂದು ಬಿಟ್ಟು ಓರೆಯಾಗಿ ಜೋಡಿಸಿದ್ದು) ಉತ್ತಮ. ಸಪಾಟು ಬಾಗಿಲೇ ಬೇಕಿದ್ದರೆ ಕೆಳಗೆ ಆರು, ಮೇಲೆ ಆರು, ಒಂದಿಂಚಿನ ತೂತು ಕೊರೆಸಿ ಒಳಗಡೆ ಸೊಳ್ಳೆಜಾಲರಿ ಹೊಡೆಸಿ. ತಣ್ಣನೆ ಗಾಳಿ ಕೆಳಗಿನಿಂದ ಹೊಕ್ಕು ಮೇಲಿಂದ ಹೋಗಬೇಕು. ಒಂದೇ ಎತ್ತರದಲ್ಲಿ ತೂತಿದ್ದರೆ ಗಾಳಿ ಆಡುವುದಿಲ್ಲ. ಬಟ್ಟೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಹಲಗೆಯ ವಿಚಾರದಲ್ಲಿ ಉಳಿತಾಯ ಬೇಡ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಇವು ನೆಲ ಒರೆಸುವ ನೀರಿಗೇ ಬುಡದಲ್ಲಿ ಊದಿಕೊಳ್ಳುತ್ತವೆ, ಊದಿದ್ದು ಮತ್ತೆ ಇಳಿಯುವುದಿಲ್ಲ. ಐಎಸ್ 710 ಗುರುತಿನ, ನೀರು ತಡೆಯುವ ಮೆರೈನ್ ಪ್ಲೈವುಡ್ ತರಿಸಿ, ಐಎಸ್‌ಐ ಮುದ್ರೆ ಪ್ರತಿ ಹಾಳೆಯ ಮೇಲೂ ಇದೆಯೇ ನೋಡಿ. ಹೊರಗಡೆ 1 ಮಿಲಿಮೀಟರ್ ಲ್ಯಾಮಿನೇಟ್ ಅಂಟಿಸಿ ಒಳಗಡೆ ಬರಿಯ ಬಣ್ಣ ಬಳಿದರೆ ಬಾಗಿಲು ಒಂದು ಕಡೆ ಮಾತ್ರ ತೇವ ಹೀರಿ ಬಿಲ್ಲಿನಂತೆ ಬಾಗುತ್ತದೆ. ಒಳಗೂ 0.8 ಮಿಲಿಮೀಟರ್ ಲೈನರ್ ಬೇಕು. ಕತ್ತರಿಸಿದ ಎಲ್ಲ ಅಂಚಿಗೂ, ತಿರುಗಣಿ ಕೂರಿಸಲು ಕೊರೆದ ಗುಂಡಿಗೂ, ಯಾರೂ ನೋಡದ ಬುಡಕ್ಕೂ ಸೀಲರ್ ತಾಗಬೇಕು. ನೀರು ಹೊಕ್ಕುವುದು ಅಲ್ಲಿಂದಲೇ.

ಬೀರಿನೊಳಗೆ ಬಲ್ಬು ಉರಿಸಿಡುವ ಹಳೆಯ ಉಪಾಯವನ್ನು ಈಗ ಬಿಡುವುದು ಒಳಿತು. ಎಲ್‌ಇಡಿ ಬಲ್ಬಿನಿಂದ ಸಾಕಷ್ಟು ಶಾಖ ಬರುವುದಿಲ್ಲ, ಹಳೆಯ ತಂತಿಬಲ್ಬಿಗೆ ಬಟ್ಟೆ ತಗುಲಿದರೆ ಬೆಂಕಿ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವಹೀರುವ ಡಬ್ಬಿಗಳು ಪರವಾಗಿಲ್ಲ, ಆದರೆ ಕೆಳಗೆ ಸೇರುವ ನೀರು ಉಪ್ಪುನೀರು. ಚೆಲ್ಲಿದರೆ ಚರ್ಮ, ಕಬ್ಬಿಣ ಎರಡೂ ಹಾಳು. ಮೂಲೆಯಲ್ಲಿ ತಟ್ಟೆಯ ಮೇಲಿಡಿ, ವಾರಕ್ಕೊಮ್ಮೆ ನೋಡಿ. ವಿದ್ಯುತ್ ನಂಬಬಹುದಾದ ಮನೆಗಳಲ್ಲಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಒಳ್ಳೆಯದು, ಆದರೆ ಅದನ್ನು ಕಿಟಕಿ ತೆರೆದಿಟ್ಟು ಓಡಿಸಿದರೆ ಇಡೀ ಊರಿನ ಮಂಜನ್ನು ಒಣಗಿಸಲು ಹೊರಟಂತೆ. ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಕೊಂಡು ಗೋಡೆಗೆ ಹಾಕಿ. ಒಳಗಿನ ತೇವಾಂಶ ಶೇ 60ರ ಆಸುಪಾಸಿನಲ್ಲಿದ್ದರೆ ಬೂಷ್ಟಿನ ಭಯವಿಲ್ಲ, 75 ದಾಟಿ ದಿನಗಟ್ಟಲೆ ನಿಂತರೆ ಬರುತ್ತದೆ.

ಮಂಚಕ್ಕೂ ಇದೇ ಲೆಕ್ಕ. ಪೂರ್ತಿ ಪ್ಲೈವುಡ್ ಹಾಸಿದ ಮಂಚದಲ್ಲಿ ಹಾಸಿಗೆಯ ತಳ ಬೆವರುತ್ತದೆ. ಮೂರಿಂಚಿನ ಪಟ್ಟಿ, ಎರಡಿಂಚು ಸಂದು.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ತಕ್ಷಣ ಕೀಸಿಸುವವರು ಫೆಬ್ರವರಿಯಲ್ಲಿ ಸಂದಿನಿಂದ ಗಾಳಿ ಬರುತ್ತಿದೆ ಎನ್ನುತ್ತಾರೆ. ಮರ ಅಡ್ಡಡ್ಡ ಉಬ್ಬುತ್ತದೆ, ಉದ್ದಕ್ಕೆ ಬಹಳ ಕಡಿಮೆ. ಉಜ್ಜುವ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದು, ಮೇಣದಬತ್ತಿ ಸವರಿ ಸುಮ್ಮನಿರಿ. ಬೇಸಿಗೆಯಲ್ಲಿ ಗೆರೆಯಿದ್ದಲ್ಲಿ ಮಾತ್ರ, ಚೌಕಟ್ಟಿನ ಸಂದು 3 ಮಿಲಿಮೀಟರ್ ಆಗುವಷ್ಟು ಕೀಸಿಸಿ. ಆಮೇಲೆ ಬಾಗಿಲು ಕಳಚಿ, ಪಾಲಿಶ್ ಕಾಣದ ಅದರ ತಲೆ ಮತ್ತು ಪಾದಕ್ಕೆ ಎರಡು ಕೈ ಪಾಲಿಶ್ ಕೊಡಿ. ಎಷ್ಟೋ ಬಾಗಿಲು ಉಬ್ಬುವುದು ಆ ಬೆತ್ತಲೆ ಪಾದದಿಂದ.

ಕೈಯಾಲೆ, ಅಂದರೆ ಮುಂದಿನ ಜಗಲಿ, ಮನೆಯ ಅತಿ ಸುಂದರ ಭಾಗ, ಮಳೆಗಾಲದಲ್ಲಿ ಅತಿ ಕೊಳಕಾಗುವ ಭಾಗವೂ ಅದೇ. ತೋಟದಿಂದ ಬಂದವರ ಗಮ್‌ಬೂಟು, ಕೊಡೆ, ರೇನ್‌ಕೋಟು ಎಲ್ಲಕ್ಕೂ ಒಂದು ಜಾಗ ಮೊದಲೇ ಮಾಡಿಡಿ: ಒಂದಡಿ ಅಗಲ, ಮೂರಡಿ ಉದ್ದದ ತಗ್ಗಾದ ಕಲ್ಲಿನ ತೊಟ್ಟಿ, ಅದಕ್ಕೆ ನೀರು ಹೋಗುವ ತೂತು, ಮೇಲೆ ಕಬ್ಬಿಣವಲ್ಲದ ಸ್ಟೀಲ್ ಕೊಕ್ಕೆಗಳು. ಪಕ್ಕದಲ್ಲಿ ಕಾಲು ಒರೆಸಲು ನಾರಿನ ಚಾಪೆ, ಬಾಗಿಲೊಳಗೆ ಹತ್ತಿಯದು. ಇಂಬಳ (ಜಿಗಣೆ) ಬಿಡಿಸಲು ಮುಚ್ಚಳವಿರುವ ಒಂದು ಜಾಡಿಯಲ್ಲಿ ಉಪ್ಪು ಅಲ್ಲೇ ಇರಲಿ. ಚೆಂದದ ಪಿಂಗಾಣಿ ಜಾಡಿಯಾದರೆ ಅದೂ ಅಲಂಕಾರವೇ. ಕಂಬಗಳ ನಡುವೆ ಕೂರುವ ಹಲಗೆಯಾದ ಐಮರದ ಮೇಲೆ ದಪ್ಪ ಕುಶನ್ ಹಾಕಬೇಡಿ. ಆ ಒಂದೇ ಹಲಗೆಯ ಮರದ ಮೈಯೇ ನೋಡುವಂಥದ್ದು.

ಕಕ್ಕಡದ ಸಂಜೆಗಳಿಗೆ ಬೆಳಕು ಬಹಳ ಮುಖ್ಯ. ಸೂರಿನ ನಡುವೆ ಒಂದೇ ಬಿಳಿ ಟ್ಯೂಬ್‌ಲೈಟ್ ಇಡೀ ಕೋಣೆಯನ್ನು ಆಸ್ಪತ್ರೆಯ ವಾರ್ಡ್ ಮಾಡುತ್ತದೆ. ಹನ್ನೆರಡಕ್ಕೆ ಹದಿನಾಲ್ಕು ಅಡಿಯ ಹಾಲ್‌ಗೆ ಮೂರು ಕಡೆ ತಗ್ಗಿನಲ್ಲಿ ದೀಪವಿಡಿ: ಓದುವ ಕುರ್ಚಿಯ ಬಳಿ ಒಂದು, ಗೋಡೆಗೊಂದು, ಮೂಲೆಯ ಮೇಜಿನ ಮೇಲೊಂದು. 2700 ಕೆಲ್ವಿನ್‌ನ ಹಳದಿ ಎಲ್‌ಇಡಿ, ಓದುವಲ್ಲಿ 9 ವಾಟ್, ಉಳಿದೆಡೆ 5. ಓದುವ ದೀಪದ ನೆರಳುಬುಟ್ಟಿಯ ಕೆಳ ಅಂಚು ಕುಳಿತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 40 ಇಂಚಿಗೆ ಬರಲಿ. ಮೇಲಾದರೆ ಬಲ್ಬು ಕಣ್ಣಿಗೆ ಹೊಡೆಯುತ್ತದೆ. ಮೂರನ್ನೂ ಇನ್ವರ್ಟರ್ ತಂತಿಗೆ ಸೇರಿಸಲು ವೈರಿಂಗ್ ಮಾಡುವಾಗಲೇ ಹೇಳಿ. ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ಬೆಲೆ ತಿಳಿಯುತ್ತದೆ. ನಡುಬಾಡೆಯಲ್ಲಿ (ಮನೆಯ ನಡುವಿನ ಹಜಾರದಲ್ಲಿ) ತೂಕ್ ಬೊಳ್ಚ ಎಂಬ ತೂಗುದೀಪವಿರುವ ಮನೆಯಾದರೆ ಅದರ ಆಸುಪಾಸು ಬೇರೆ ತೂಗುದೀಪ ಬೇಡ. ಅದರ ಕೊಕ್ಕೆ ತೊಲೆಯ ಮರಕ್ಕೇ ಕೂತಿರಬೇಕು, ಫಾಲ್ಸ್ ಸೀಲಿಂಗ್‌ನ ಜಿಪ್ಸಮ್‌ಗೆ ಅಲ್ಲ.

ಸೆಪ್ಟೆಂಬರ್ ಮೊದಲ ವಾರ, ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ, ಮಳೆ ಸ್ವಲ್ಪ ಬಿಡುವು ಕೊಡುತ್ತದೆ. ಕೋವಿಗೆ ಮುಡಿಸುವ ತೋಕ್ ಪೂವಿನ (ಗ್ಲೋರಿಯೋಸಾ ಹೂವಿನ) ಕೆಂಪು–ಹಳದಿ ಮನೆಯೊಳಗೂ ಚೆಂದ, ಆದರೆ ಆ ಗಿಡದ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಹೂದಾನಿ ಮಕ್ಕಳ ಕೈಗೆ, ಊಟದ ಮೇಜಿಗೆ ದೂರವಿರಲಿ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ ದಪ್ಪ ಪರದೆ ಹೊರತೆಗೆಯಿರಿ. ಬಟ್ಟೆ ಕೊಳ್ಳುವಾಗ ಕಿಟಕಿಯ ಅಗಲದ ಎರಡು ಪಟ್ಟು ಲೆಕ್ಕ ಹಾಕಿ, ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಲಿ.

ಸುಗ್ಗಿಹಬ್ಬ ಹುತ್ತರಿಗೆ ಮನೆ ತೊಳೆದು ಕದಿರು ತರುವವರು ಅದನ್ನು ಕಟ್ಟಲು ಹೊಸ ಕಂಬ, ಬಾಗಿಲಿಗೆ ಮೊಳೆ ಹೊಡೆಯುತ್ತಾರೆ, ವರ್ಷ ವರ್ಷ ಪಾಲಿಶ್ ಹಾಳು. ಹಿತ್ತಾಳೆಯ ಸಣ್ಣ ಕೊಕ್ಕೆಯನ್ನು ಮನೆ ಕಟ್ಟುವಾಗಲೇ ಕೂರಿಸಿಬಿಡಿ. ಒಣಗಿದ ಕದಿರಿನ ಬಂಗಾರದ ಬಣ್ಣಕ್ಕೆ ಹೊಂದುವಂತೆ ಚಳಿಗಾಲದ ಹೊದಿಕೆ ಆರಿಸಿದರೆ ಬೇರೆ ಅಲಂಕಾರ ಬೇಕಿಲ್ಲ: ಕಪ್ಪು ಕಂಬಳಿ, ಒಂದು ಕೆಂಪು ದಿಂಬು.

ಚಳಿಗೆ ಬೆಂಕಿಗೂಡು ಕಟ್ಟಿಸುವ ಆಸೆ ಈಗ ಎಲ್ಲರಿಗೂ. ಹೊಗೆ ಒಳಗೆ ಬರುವುದು ಹೆಚ್ಚಾಗಿ ಹೊಗೆಗೂಡು ಕಿರಿದಾದ್ದರಿಂದ. ಗೂಡಿನ ಬಾಯಿ 30 ಇಂಚು ಅಗಲ, 24 ಇಂಚು ಎತ್ತರವಿದ್ದರೆ 720 ಚದರ ಇಂಚು. ಕೊಳವೆಯ ಒಳ ಅಳತೆ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು, ಅಂದರೆ ಒಂಬತ್ತಿಂಚು ಚೌಕ. ತುದಿ ಛಾವಣಿಯ ನೆತ್ತಿಗಿಂತ ಎರಡಡಿ ಮೇಲಿರಲಿ, ಮಳೆ ಇಳಿಯದಂತೆ ಟೋಪಿಯಿರಲಿ. ಕಾಫಿ ಗಿಡದ, ನೆರಳುಮರದ ಕೊಂಬೆಗಳನ್ನು ಒಂದು ಬೇಸಿಗೆ ಪೂರ್ತಿ ಒಣಗಿಸಿಯೇ ಉರಿಸಿ. ಹಸಿ ಸೌದೆ ಕೊಳವೆಗೆ ಡಾಂಬರು ಕಟ್ಟುತ್ತದೆ, ಅದೇ ಮುಂದೆ ಬೆಂಕಿ ಹಿಡಿಯುವುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನು ಯಾವ ಕಾರಣಕ್ಕೂ ಇಡಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಹೂಮಳೆ ಬಿದ್ದು ಕಾಫಿ ಅರಳುವ ಕೆಲವೇ ದಿನ ಮನೆಗೆ ಯಾವ ಸುಗಂಧವೂ ಬೇಡ. ದಪ್ಪ ಪರದೆ ಇಳಿಸಿ, ತೆಳು ಹತ್ತಿ ಕಟ್ಟಿ, ಕಿಟಕಿ ತೆರೆಯಿರಿ. ಆಮೇಲಿನ ಎರಡು ತಿಂಗಳು ದುರಸ್ತಿಯ ಕಾಲ. ಉಣ್ಣೆಯ ರತ್ನಗಂಬಳಿಯನ್ನು ಎರಡೂ ಮೈ ಬಿಸಿಲಿಗೆ ಹಾಕಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಒಳಗೇ ಬೆವರುತ್ತದೆ. ಬೀಟೆ, ತೇಗದ ಹಳೆಯ ಸಾಮಾನಿಗೆ ಹಸಿ ಅಗಸೆ ಎಣ್ಣೆ ಸವರಬೇಡಿ, ಬೂಷ್ಟಿಗೆ ಅದು ಊಟ. 100 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆ ಆರಿಸಿ ದೂರ ತಂದ ಮೇಲೆ 400 ಮಿಲಿಲೀಟರ್ ಟರ್ಪೆಂಟೈನ್ ಬೆರೆಸಿ. ತಣ್ಣಗಾದಾಗ ಬೆಣ್ಣೆಯಂತಾಗುತ್ತದೆ. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಉಜ್ಜಿ. ಬೆತ್ತದ ಕುರ್ಚಿಯನ್ನು ಮಗುಚಿ ತಳಕ್ಕೂ ವಾರ್ನಿಶ್ ಹೊಡೆಯಿರಿ.

ಮೇ ಕೊನೆಗೆ ಗಾಳಿ ಬಿಸಿ, ತೇವ ಎರಡೂ ಆಗಿ, ತಣ್ಣನೆ ನೆಲದ ಮೇಲೆ ನೀರು ಪಸೆಯಾಡುತ್ತದೆ. ಅಂಥ ದಿನ ಬೆಳಗ್ಗೆ ಕಿಟಕಿ ತೆರೆದಷ್ಟೂ ನೆಲ ಹೆಚ್ಚು ಬೆವರುತ್ತದೆ. ಮುಚ್ಚಿಟ್ಟು ಫ್ಯಾನ್ ಹಾಕಿ, ಮಧ್ಯಾಹ್ನ ಬಿಸಿಲಿದ್ದರೆ ತೆರೆಯಿರಿ. ಎರಚಲು ತಡೆಯಲು ಕೈಯಾಲೆಗೆ ನೀಲಿ ಟಾರ್ಪಾಲು ಕಟ್ಟುವ ಹೊತ್ತೂ ಅದೇ. ದಯವಿಟ್ಟು ನೀಲಿ ಬೇಡ: ನಾಲ್ಕು ತಿಂಗಳು ಒಳಮನೆಯ ಬೆಳಕೆಲ್ಲ ಅದರ ಬಣ್ಣಕ್ಕೇ ತಿರುಗುತ್ತದೆ. ಸುರುಳಿ ಸುತ್ತುವ ಪಾರದರ್ಶಕ ಪಿವಿಸಿ ಪರದೆಯನ್ನು ಕಂಬದಿಂದ ಕಂಬಕ್ಕೆ ಅಳತೆ ಮಾಡಿಸಿ, ಬುಡಕ್ಕೆ ಭಾರದ ಕೊಳವೆ ಹೊಲಿಸಿ, ಗಾಳಿ ಆಡಲು ಮೇಲೆ ಒಂಬತ್ತಿಂಚು ಬಿಟ್ಟು ಕಟ್ಟಿಸಿ. ಐಮರದ ಮೇಲೆ ಕುಳಿತವರಿಗೆ ಮಳೆ ಕಾಣುತ್ತಿರುತ್ತದೆ.