ಪಕ್ಷದ ಪರ ಬರೆಯಿರಿ, ಆದರೆ ನಿಮ್ಮದೇ ಮಾತಿನಲ್ಲಿ

ಚುನಾವಣೆ ಹತ್ತಿರ ಬಂದರೆ ಸ್ಥಳೀಯ ಪತ್ರಿಕೆಗೆ ಬರುವ ಓದುಗರ ಪತ್ರಗಳು ಜಾಸ್ತಿಯಾಗುತ್ತವೆ. ನಮ್ಮ ಪಕ್ಷ ಬಂದ ಮೇಲೆ ಕೆಲಸ ಹೆಚ್ಚಿತು, ಬೆಲೆ ಹತೋಟಿಗೆ ಬಂತು ಎನ್ನುವ ಪತ್ರಗಳೇ ತುಂಬಾ. ಪತ್ರಗಳ ಪುಟ ನೋಡಿಕೊಳ್ಳುವ ನನಗೆ ಇಂಥವು ಬೇಡ ಅಂತ ಯಾವತ್ತೂ ಅನಿಸಿಲ್ಲ. ಟಿವಿಯಲ್ಲಿ ನಾಯಕರು ಹೇಳುವುದಕ್ಕಿಂತ ಪಕ್ಕದ ಬೀದಿಯವರು ಬರೆದದ್ದನ್ನು ಜನ ಹೆಚ್ಚು ಗಮನವಿಟ್ಟು ಓದುತ್ತಾರೆ. ಆದ್ದರಿಂದಲೇ ಆ ಪತ್ರ ನಿಜಕ್ಕೂ ಅವರದ್ದೇ ಆಗಿರಬೇಕು.

2003ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದದ್ದು ನೋಡಿ. ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಅವರ ತೆರಿಗೆ ಕಡಿತದ ಆರ್ಥಿಕ ಯೋಜನೆಯನ್ನು ಹೊಗಳುವ ಒಂದೇ ಪತ್ರ ಬೇರೆ ಬೇರೆ ಹೆಸರಿನಲ್ಲಿ ಹತ್ತಾರು ಪತ್ರಿಕೆಗಳಲ್ಲಿ ಅಚ್ಚಾಯಿತು. ರಿಪಬ್ಲಿಕನ್ ಪಕ್ಷ ತನ್ನ ಬೆಂಬಲಿಗರಿಗಾಗಿ ನಡೆಸುತ್ತಿದ್ದ ವೆಬ್‌ಸೈಟ್‌ನಲ್ಲಿ ಆ ಪತ್ರ ಸಿದ್ಧವಾಗಿ ಇತ್ತು. ಸಹಿ ಹಾಕಿದವರಲ್ಲಿ ಎಷ್ಟೋ ಜನ ಅದನ್ನು ಮನಸಾರೆ ಒಪ್ಪಿದ್ದಿರಬಹುದು. ಆದರೆ ಸಾಲುಗಳು ಒಂದೇ ಎಂದು ಬಯಲಾದ ಮೇಲೆ ತೆರಿಗೆಯ ಮಾತು ಹಿಂದೆ ಸರಿಯಿತು, ಪತ್ರ ಬರೆದವರು ಯಾರು ಎಂಬ ಪ್ರಶ್ನೆ ಮುಂದೆ ಬಂತು. ಪಕ್ಷದ ಕಚೇರಿ ಕಳಿಸಿದ್ದನ್ನು ಓದಿ, ವಿಷಯ ತಿಳಿದುಕೊಳ್ಳಿ. ಬರೆಯುವಾಗ ಅದನ್ನು ಪಕ್ಕಕ್ಕಿಡಿ.

ಅಂಕಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಲ್ಲಿಂದ ಎಣಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೋವಿಡ್ ಲಾಕ್‌ಡೌನ್ ಇದ್ದ 2020ರ ಏಪ್ರಿಲ್–ಜೂನ್‌ನಲ್ಲಿ ಭಾರತದ ಜಿಡಿಪಿ (ದೇಶದ ಒಟ್ಟು ಉತ್ಪಾದನೆ) ಹಿಂದಿನ ವರ್ಷಕ್ಕಿಂತ ಸುಮಾರು 24% ಕುಸಿದಿತ್ತು. ಮರುವರ್ಷ ಅದೇ ಮೂರು ತಿಂಗಳಲ್ಲಿ 20.1% ಬೆಳೆದಿದೆ ಎಂಬ ಅಂದಾಜು ಬಂತು. 100 ಇದ್ದದ್ದು 76ಕ್ಕೆ ಇಳಿದು, ಅದರ ಮೇಲೆ 20% ಏರಿದರೆ ಸುಮಾರು 91 ಆಗುತ್ತದೆ. ಅಂದರೆ ಹಳೆಯ ಮಟ್ಟ ಆಗ ಇನ್ನೂ ಸಿಕ್ಕಿರಲಿಲ್ಲ. ಬರೀ 20% ಅಂತ ಬರೆದರೆ ಮರುದಿನವೇ ಎದುರು ಪಕ್ಷದವರು ಹಿಂದಿನ ವರ್ಷದ ಅಂಕಿ ಹಿಡಿದು ಉತ್ತರ ಕಳಿಸುತ್ತಾರೆ. ಎರಡನ್ನೂ ನೀವೇ ಹೇಳಿ, ಚೇತರಿಕೆಗೆ ನಿಮ್ಮ ಸರ್ಕಾರ ಏನು ಮಾಡಿತು ಎಂದು ಬರೆದರೆ ಆ ಪತ್ರಕ್ಕೆ ತೂಕ ಬರುತ್ತದೆ.

ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ. ಅದು 10%ನಿಂದ 4%ಕ್ಕೆ ಬಂದರೂ ಬೆಲೆ ಏರುತ್ತಲೇ ಇರುತ್ತದೆ, ಏರುವ ವೇಗ ಮಾತ್ರ ಕಮ್ಮಿ. ಈಗಷ್ಟೇ ಸಾಮಾನು ತಂದವರಿಗೆ ‘ಬೆಲೆ ಇಳಿದಿದೆ’ ಅಂದರೆ ಸಿಟ್ಟು ಬರುತ್ತದೆ ಅಲ್ವಾ?

ಯಶಸ್ಸು ಯಾರದ್ದು ಎಂಬ ಪ್ರಶ್ನೆಯೂ ಸುಲಭದ್ದಲ್ಲ. ಅಮೆರಿಕದಲ್ಲಿ 1980ರಲ್ಲಿ 13.5% ಇದ್ದ ಹಣದುಬ್ಬರ 1983ಕ್ಕೆ 3.2% ಆಯಿತು. 1981ರಿಂದ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೇಗನ್. ಬಡ್ಡಿ ದರ ಏರಿಸಿ ಅದನ್ನು ತಗ್ಗಿಸಿದ್ದು ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಮುಖ್ಯಸ್ಥ ಪಾಲ್ ವೋಲ್ಕರ್. 1979ರಲ್ಲಿ ಅವರನ್ನು ನೇಮಿಸಿದವರು ಎದುರು ಪಕ್ಷದ ಜಿಮ್ಮಿ ಕಾರ್ಟರ್. ಈ ನಡುವೆ 1982ರ ಕೊನೆಗೆ ನಿರುದ್ಯೋಗ 10.8%ಕ್ಕೆ ಹೋಗಿತ್ತು. ಇದನ್ನೆಲ್ಲ ಒಂದೇ ಪಕ್ಷದ ಖಾತೆಗೆ ಬರೆಯಲು ಆಗುವುದಿಲ್ಲ. ನಿಮ್ಮ ಪಕ್ಷ ತಂದ ಕಾನೂನು, ಬಜೆಟ್‌ನಲ್ಲಿ ಇಟ್ಟ ಹಣ, ಆ ಹಣ ಎಲ್ಲಿಗೆ ತಲುಪಿತು ಎಂಬುದನ್ನು ಹಿಡಿದುಕೊಳ್ಳಿ. ಅದು ನಿಮ್ಮದು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ದೇಶದ ಜಿಡಿಪಿ ಸುದ್ದಿ ಎಲ್ಲ ಕಡೆ ಸಿಗುತ್ತದೆ. ಸ್ಥಳೀಯ ಪತ್ರಿಕೆಗೆ ಬೇಕಾಗಿರುವುದು ಓದುಗರು ಹೋಗಿ ನೋಡಬಹುದಾದ ಸಂಗತಿ: ಮುಗಿದ ಒಂದು ಸೇತುವೆ, ಸಾಲ ಸಿಕ್ಕ ಒಂದು ಸಣ್ಣ ಉದ್ದಿಮೆ, ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗಿ. ಬೇರೆಯವರ ಬದುಕಿನ ವಿಷಯವಾದರೆ ಅವರ ಒಪ್ಪಿಗೆ ಕೇಳಿ. ಅಂಕಿ ಎಲ್ಲಿಂದ ಬಂತು, ಯಾವ ವರ್ಷದ್ದು ಎಂದು ಅಲ್ಲೇ ಬರೆಯಿರಿ. 200 ಪದ ದಾಟಬೇಡಿ. ದಾಟಿದರೆ ಡೆಸ್ಕ್‌ನಲ್ಲಿ ಕತ್ತರಿ ಬೀಳುತ್ತದೆ, ಅದು ನಿಮ್ಮ ಮುಖ್ಯ ಸಾಲಿನ ಮೇಲೇ ಬೀಳಬಹುದು.

ನೀವು ಪಕ್ಷದ ಸದಸ್ಯರಾಗಿದ್ದರೆ, ಯಾವುದಾದರೂ ಹುದ್ದೆಯಲ್ಲಿದ್ದರೆ ಸಹಿಯ ಕೆಳಗೆ ಅದನ್ನು ಹಾಕಿ. ‘ಒಬ್ಬ ನಾಗರಿಕ’ ಎಂದು ಬಂದ ಪತ್ರ ಪಕ್ಷದ ಪದಾಧಿಕಾರಿಯದ್ದು ಎಂದು ಆಮೇಲೆ ತಿಳಿದರೆ ನಿಜವಾದ ಅಂಕಿಯನ್ನೂ ಜನ ನಂಬುವುದಿಲ್ಲ. ಪತ್ರಿಕೆ ದೃಢಪಡಿಸಿಕೊಳ್ಳಲು ಫೋನ್ ಮಾಡುತ್ತದೆ. ಆಗ ಕರೆ ಎತ್ತಿ, ದಾಖಲೆ ಕೇಳಿದರೆ ಕಳಿಸಿಕೊಡಿ. ಎರಡೂ ಪಕ್ಷದ ಪತ್ರಗಳು ಕೈಯಲ್ಲಿದ್ದು ಜಾಗ ಒಂದಕ್ಕೇ ಇದ್ದರೆ, ನಾನು ದಾಖಲೆ ಕೊಟ್ಟವರದ್ದನ್ನು ಹಾಕುತ್ತೇನೆ.